ಒಗೆಯುವ ಯಂತ್ರಕ್ಕೂ ಬೇಕು ಆರೈಕೆ

ಜೂನ್ ತಿಂಗಳು ಬಂತೆಂದರೆ ಮನೆಮನೆಯಲ್ಲೂ ಎರಡು ಚಿಂತೆ. ಒಂದು, ಶಾಲೆ ಶುರು. ಇನ್ನೊಂದು, ಮಳೆ ಶುರು. ವಾರವಿಡೀ ಬಣ್ಣದ ಸಮವಸ್ತ್ರ, ಶನಿವಾರ ಬಿಳಿಯದು, ಆಟದ ದಿನಕ್ಕೆ ಬೇರೆಯದು. ಮೈದಾನದ ಕೆಸರೆಲ್ಲ ಮೆತ್ತಿಕೊಂಡು ಬಂದ ಅಂಗಿ ಮರುದಿನ ಬೆಳಿಗ್ಗೆ ಎಂಟು ಗಂಟೆಯೊಳಗೆ ಒಗೆದು, ಒಣಗಿ, ಇಸ್ತ್ರಿಯಾಗಿ ಸಿದ್ಧವಿರಬೇಕು. ಈ ಅವಸರಕ್ಕೆ ಹೆಗಲು ಕೊಡುವುದು ಬಚ್ಚಲುಮನೆಯ ಮೂಲೆಯಲ್ಲೋ ಹಿತ್ತಲ ಕಟ್ಟೆಯಲ್ಲೋ ನಿಂತಿರುವ ವಾಷಿಂಗ್ ಮೆಷೀನ್. ಅದು ದುಡಿಯುವಷ್ಟು ಕಾಲ ಯಾರೂ ಅದರತ್ತ ತಿರುಗಿ ನೋಡುವುದಿಲ್ಲ. ಒಂದು ದಿನ ಹೊಟ್ಟೆ ತುಂಬ ನೀರು, ಬಟ್ಟೆ ತುಂಬಿಕೊಂಡು ಸುಮ್ಮನೆ ನಿಂತಿತೆಂದರೆ ಮಾತ್ರ ಮನೆಯೆಲ್ಲ ಅಲ್ಲೋಲಕಲ್ಲೋಲ.

ಬಹುಪಾಲು ಸಲ ಯಂತ್ರ ತಾನಾಗಿ ಕೆಟ್ಟಿರುವುದಿಲ್ಲ. ಪಂಪಿನ ಬಾಯಿಗೆ ಸಿಕ್ಕಿಕೊಂಡ ಒಂದು ರೂಪಾಯಿ ನಾಣ್ಯ, ಜಾಲರಿಯಲ್ಲಿ ಕಟ್ಟಿಕೊಂಡ ನೂಲಿನ ಜುಂಗು, ಡ್ರಮ್ಮಿನ ಹಿಂದೆ ಗಟ್ಟಿಯಾದ ಸೋಪಿನ ಗಷ್ಟು, ಹೀಟರಿನ ಮೇಲೆ ಕೂತ ಸುಣ್ಣದ ಪದರ ಇವೇ ಕಾರಣವಾಗಿರುತ್ತವೆ. ಒಟ್ಟಿನಲ್ಲಿ ಈ ಯಂತ್ರದ ಶತ್ರುಗಳು ನಾಲ್ಕು: ಗಡಸು ನೀರು, ಮಿತಿಮೀರಿದ ಪುಡಿ, ಮಿತಿಮೀರಿದ ಹೊರೆ ಮತ್ತು ಒಳಗೇ ಉಳಿದ ತೇವ. ಈ ನಾಲ್ಕನ್ನೂ ಅರ್ಥ ಮಾಡಿಕೊಳ್ಳಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಹೈಸ್ಕೂಲಿನ ವಿಜ್ಞಾನ ಪುಸ್ತಕ ಸಾಕು. ಆದ್ದರಿಂದ ಯಂತ್ರದ ಆರೈಕೆ ಅಮ್ಮನೊಬ್ಬಳ ಹೊಣೆಯಾಗಿ ಉಳಿಯಬೇಕಿಲ್ಲ. ಮನೆಯ ವಿದ್ಯಾರ್ಥಿಗಳಿಗೆ ಧಾರಾಳವಾಗಿ ವಹಿಸಬಹುದಾದ ಕೆಲಸ ಇದು.

ಕಲ್ಲಿನಿಂದ ಗುಂಡಿಯವರೆಗೆ

ಹಿಂದೆ ಬಾವಿಕಟ್ಟೆ, ಕೆರೆಯ ಮೆಟ್ಟಿಲು, ಹೊಳೆಯ ಬಂಡೆಗಳೇ ಒಗೆಯುವ ಯಂತ್ರಗಳು. ಅಂಟುವಾಳದ ಕಾಯಿ, ಚೌಳು ಮಣ್ಣುಗಳೇ ಸಾಬೂನು. 1959ರಲ್ಲಿ ಸರ್ಫ್ ಪುಡಿ ಭಾರತದ ಮಾರುಕಟ್ಟೆಗೆ ಬಂತು. 1969ರಲ್ಲಿ ಗುಜರಾತಿನ ಕರ್ಸನ್‌ಭಾಯ್ ಪಟೇಲ್ ಮನೆಯಲ್ಲೇ ತಯಾರಿಸಿ ಸೈಕಲ್ ಮೇಲೆ ಹೊತ್ತು ಮಾರತೊಡಗಿದ ನಿರ್ಮಾ, ಒಗೆಯುವ ಪುಡಿಯನ್ನು ಸಾಮಾನ್ಯರ ಮನೆಗೂ ಮುಟ್ಟಿಸಿತು. ಯಂತ್ರ ಮಾತ್ರ ನಿಧಾನವಾಗಿ ಬಂತು. ಅಮೆರಿಕದಲ್ಲಿ 20ನೆಯ ಶತಮಾನದ ಆರಂಭದಲ್ಲೇ ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ಮಾರಾಟಕ್ಕೆ ಬಂದಿದ್ದವು. 1937ರಲ್ಲಿ ಬೆಂಡಿಕ್ಸ್ ಕಂಪನಿ ಎದುರಿನಿಂದ ಬಟ್ಟೆ ತುಂಬುವ ಸ್ವಯಂಚಾಲಿತ ಯಂತ್ರವನ್ನು ಜನರ ಮುಂದಿಟ್ಟಿತು. ನಮ್ಮ ಮಧ್ಯಮ ವರ್ಗದ ಮನೆಗಳೊಳಗೆ ಇದು ಕಾಲಿಟ್ಟದ್ದು 1980ರ ದಶಕದ ಕೊನೆಯಲ್ಲಿ ಮತ್ತು 90ರ ದಶಕದಲ್ಲಿ.

ಸ್ವೀಡನ್ನಿನ ವೈದ್ಯ ಹಾಗೂ ಅಂಕಿಅಂಶ ತಜ್ಞ ಹಾನ್ಸ್ ರೋಸ್ಲಿಂಗ್ 2010ರಲ್ಲಿ ಈ ಯಂತ್ರದ ಬಗ್ಗೆಯೇ ಒಂದು ಭಾಷಣ ಮಾಡಿದರು. ತಮ್ಮ ಬಾಲ್ಯದಲ್ಲಿ ಮನೆಗೆ ಮೊದಲ ಯಂತ್ರ ಬಂದ ದಿನ ಅಜ್ಜಿ ಅದರ ಮುಂದೆ ಕುಳಿತು ಒಗೆತವನ್ನು ಪೂರ್ತಿ ನೋಡಿದ್ದನ್ನೂ, ಹಾಗೆ ಉಳಿದ ಸಮಯದಲ್ಲಿ ತಾಯಿ ತಮ್ಮನ್ನು ಗ್ರಂಥಾಲಯಕ್ಕೆ ಕರೆದೊಯ್ದಿದ್ದನ್ನೂ ಅವರು ನೆನೆದರು. ಯಂತ್ರ ಕೊಡುವ ನಿಜವಾದ ಲಾಭ ಸಮಯ. ಅದು ಪದೇ ಪದೇ ಕೆಟ್ಟರೆ ಹಣದ ಜೊತೆಗೆ ಈ ಸಮಯವೂ ಕೈಬಿಟ್ಟು ಹೋಗುತ್ತದೆ.

ಮೂರು ಜಾತಿ, ಮೂರು ಸ್ವಭಾವ

ಅಂಗಡಿಯಲ್ಲಿ ಹತ್ತಾರು ಹೆಸರು, ನೂರಾರು ಮಾದರಿ ಕಂಡರೂ ಮೂಲದಲ್ಲಿ ಇರುವುದು ಮೂರೇ ಬಗೆ. ಎರಡು ತೊಟ್ಟಿಗಳ ಸೆಮಿ ಆಟೊಮ್ಯಾಟಿಕ್, ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್, ಎದುರಿನ ಗಾಜಿನ ಬಾಗಿಲಿನಿಂದ ಹಾಕುವ ಫ್ರಂಟ್ ಲೋಡ್. ಮೊದಲೆರಡರಲ್ಲಿ ಬಟ್ಟೆ ನೀರಿನಲ್ಲಿ ತೇಲುತ್ತಿರುತ್ತದೆ. ತಳದಲ್ಲಿರುವ ತಟ್ಟೆ ಅತ್ತಿತ್ತ ತಿರುಗಿ ನೀರನ್ನೂ ಬಟ್ಟೆಯನ್ನೂ ಕಲಕುತ್ತದೆ. ಮೂರನೆಯದರಲ್ಲಿ ಡ್ರಮ್ ಅಡ್ಡಲಾಗಿ ಮಲಗಿದೆ. ಬಟ್ಟೆ ಮೇಲೆ ಹೋಗಿ ದೊಪ್ಪನೆ ಕೆಳಗಿನ ನೀರಿಗೆ ಬೀಳುತ್ತದೆ. ಅಗಸರು ಬಟ್ಟೆಯನ್ನು ಎತ್ತಿ ಕಲ್ಲಿಗೆ ಬಡಿಯುವ ಕ್ರಮಕ್ಕೆ ಇದೇ ಹತ್ತಿರ. ಬೀಳುವುದಕ್ಕೆ ಜಾಗ ಬೇಕು, ತೇಲುವುದಕ್ಕೆ ನೀರು ಬೇಕು. ಫ್ರಂಟ್ ಲೋಡ್ ಕಡಿಮೆ ನೀರಿನಲ್ಲಿ ಒಗೆಯುವುದಕ್ಕೂ, ಟಾಪ್ ಲೋಡ್ ಹೆಚ್ಚು ನೀರು ಕೇಳುವುದಕ್ಕೂ ಈ ವ್ಯತ್ಯಾಸವೇ ಕಾರಣ. ಆರೈಕೆಯ ಕ್ರಮವೂ ಇದರಿಂದಲೇ ಬೇರೆಯಾಗುತ್ತದೆ.

ಸೆಮಿ ಆಟೊಮ್ಯಾಟಿಕ್: ಕಷ್ಟಸಹಿಷ್ಣು

ನೀರು ಬಿಟ್ಟು ಬಿಟ್ಟು ಬರುವ ಊರಿಗೆ, ಕರೆಂಟು ಕೈಕೊಡುವ ಹಳ್ಳಿಗೆ ಒಗ್ಗುವ ಯಂತ್ರ ಇದು. ಬಕೆಟ್ಟಿನಿಂದ ನೀರು ಸುರಿದರೂ ನಡೆಯುತ್ತದೆ. ಬಿಳಿ ಬಟ್ಟೆ ಒಗೆದ ನೀರಿನಲ್ಲೇ ಬಣ್ಣದ್ದನ್ನೂ, ಕೊನೆಗೆ ಕಾಲೊರಸನ್ನೂ ಒಗೆಯಬಹುದು. ಒಂದು ತೊಟ್ಟಿ ಒಗೆಯುವುದಕ್ಕೆ, ಇನ್ನೊಂದು ಹಿಂಡುವುದಕ್ಕೆ.

ಈ ಬಗೆಯ ಹೆಚ್ಚಿನ ಯಂತ್ರಗಳಲ್ಲಿ ನೀರು ಹೊರಹಾಕುವ ಪಂಪ್ ಇರುವುದಿಲ್ಲ. ನೀರು ತನ್ನ ತೂಕದಿಂದಲೇ ಇಳಿದು ಹೋಗಬೇಕು. ಆದ್ದರಿಂದ ಕೊಳವೆಯ ತುದಿ ಯಂತ್ರದ ತಳಕ್ಕಿಂತ ಕೆಳಗಿರಬೇಕು. ಬಚ್ಚಲ ನೆಲದಿಂದ ನಾಲ್ಕಾರು ಇಂಚು ಎತ್ತರದ ಗಟ್ಟಿ ಸ್ಟ್ಯಾಂಡಿನ ಮೇಲೆ ಯಂತ್ರವನ್ನಿಟ್ಟರೆ ನೀರು ಸರಾಗವಾಗಿ ಹೋಗುತ್ತದೆ. ನೆಲದ ಒದ್ದೆಯೂ ಮೋಟಾರಿಗೆ ತಟ್ಟುವುದಿಲ್ಲ. ಒಗೆಯುವ ತೊಟ್ಟಿಯ ಪಕ್ಕದಲ್ಲಿರುವ ಜುಂಗಿನ ಚೀಲವನ್ನು ಪ್ರತಿ ಒಗೆತದ ನಂತರ ಬಿಚ್ಚಿ, ಒಳಹೊರಗು ಮಾಡಿ ನಲ್ಲಿಯ ಕೆಳಗೆ ಹಿಡಿಯಬೇಕು. ಸಮಯದ ಗುಂಡಿಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ತಿರುಗಿಸಬೇಕು. ಅವಸರಕ್ಕೆ ಹಿಂದಕ್ಕೆ ತಿರುಗಿಸಿದರೆ ಒಳಗಿನ ಹಲ್ಲುಚಕ್ರ ಸವೆಯುತ್ತದೆ.

ಹಿಂಡುವ ತೊಟ್ಟಿಯಲ್ಲಿ ಬಟ್ಟೆಯನ್ನು ಸುತ್ತಲೂ ಸಮನಾಗಿ ಹರಡಿ, ಒಳಮುಚ್ಚಳವನ್ನು ಒತ್ತಿಟ್ಟ ಮೇಲೆಯೇ ಚಾಲೂ ಮಾಡಬೇಕು. ಧಡಧಡ ಸದ್ದು ಬಂದರೆ ನಿಲ್ಲಿಸಿ ಮತ್ತೆ ಜೋಡಿಸಿ. ಯಂತ್ರವನ್ನು ಕೈಯಿಂದ ಅದುಮಿ ಹಿಡಿದು ನಿಲ್ಲುವುದು ಸರಿಯಲ್ಲ. ಮುಚ್ಚಳ ತೆರೆದ ಕೆಲವೇ ಕ್ಷಣಗಳಲ್ಲಿ ತೊಟ್ಟಿ ನಿಲ್ಲಬೇಕು. ಸುಮ್ಮನೆ ಸುತ್ತುತ್ತಲೇ ಇದ್ದರೆ ಬ್ರೇಕ್ ಸಡಿಲವಾಗಿದೆ ಎಂದರ್ಥ. ತಕ್ಷಣ ಸರಿಪಡಿಸಿಕೊಳ್ಳಿ, ಅಲ್ಲಿಯವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಮೋಟಾರ್ ಗುಂಯ್‌ಗುಡುತ್ತಿದ್ದು ತಟ್ಟೆ ತಿರುಗದಿದ್ದರೆ, ಅಥವಾ ಸುಟ್ಟ ರಬ್ಬರಿನ ವಾಸನೆ ಬಂದರೆ, ಬೆಲ್ಟ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಇದು ಸಣ್ಣ ಖರ್ಚಿನ ರಿಪೇರಿ. ಬೆಲ್ಟಿನ ಬದಲು ಮೋಟಾರನ್ನೇ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಕಾರಣ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನೊಂದು ಶತ್ರು ಇಲಿ. ತಳ ತೆರೆದಿರುವ ಯಂತ್ರದೊಳಗೆ ನುಗ್ಗಿ ವೈರ್ ಕಡಿಯುವುದು, ಬೆಚ್ಚಗೆ ಗೂಡು ಕಟ್ಟುವುದು ಅದರ ಅಭ್ಯಾಸ. ತಳಕ್ಕೆ ಜಾಲರಿ ಅಥವಾ ತಯಾರಕರೇ ಕೊಡುವ ತಟ್ಟೆ ಹಾಕಿಸಿಕೊಂಡರೆ ಈ ಪೀಡೆ ತಪ್ಪುತ್ತದೆ.

ಟಾಪ್ ಲೋಡ್: ಹೊರಗೆ ಹೊಳಪು, ಒಳಗೆ ಗಷ್ಟು

ಗುಂಡಿ ಒತ್ತಿದರೆ ನೀರು ತುಂಬಿಕೊಳ್ಳುವುದರಿಂದ ಹಿಂಡುವವರೆಗೆ ಎಲ್ಲವನ್ನೂ ತಾನೇ ಮಾಡುವ ಈ ಯಂತ್ರ ನಡು ಬಗ್ಗಿಸಲಾಗದ ಹಿರಿಯರಿಗೂ ಅನುಕೂಲ. ಇದರಲ್ಲಿ ಕಣ್ಣಿಗೆ ಕಾಣುವುದು ರಂಧ್ರಗಳಿರುವ ಒಳಡ್ರಮ್ ಮಾತ್ರ. ಅದರ ಸುತ್ತ ಇನ್ನೊಂದು ಹೊರತೊಟ್ಟಿ ಇದೆ. ಕರಗದ ಪುಡಿ, ಮೈಯ ಜಿಡ್ಡು, ನೂಲಿನ ಎಳೆ, ನೀರಿನ ಸುಣ್ಣ ಎಲ್ಲ ಸೇರಿ ಈ ಎರಡರ ನಡುವಿನ ಸಂದಿಯಲ್ಲಿ ಅಂಟಿಕೊಂಡು ಕಂದು ಗಷ್ಟಾಗುತ್ತದೆ. ಒಗೆದ ಬಿಳಿ ಅಂಗಿಯ ಮೇಲೆ ಕಪ್ಪು ಚೂರುಗಳು ಕಂಡರೆ, ಬಟ್ಟೆಗೆ ಮುಗ್ಗುಲು ವಾಸನೆ ಬಂದರೆ, ತಪ್ಪು ಈ ಗಷ್ಟಿನದು.

ಇದಕ್ಕೆ ಔಷಧ ತಿಂಗಳಿಗೊಮ್ಮೆ ಖಾಲಿ ಒಗೆತ. ಹೊಸ ಯಂತ್ರಗಳಲ್ಲಿ ಟಬ್ ಕ್ಲೀನ್ ಎಂಬ ಆಯ್ಕೆಯೇ ಇರುತ್ತದೆ. ಹೆಚ್ಚಿನ ಟಾಪ್ ಲೋಡ್‌ಗಳಲ್ಲಿ ಹೀಟರ್ ಇರುವುದಿಲ್ಲವಾದ್ದರಿಂದ, ಕೈಪಿಡಿ ಒಪ್ಪುವಷ್ಟು ಬಿಸಿಯ ನೀರನ್ನು ಮೇಲಿನಿಂದ ಸುರಿದು, ಡ್ರಮ್ ಶುಚಿಗೊಳಿಸುವ ಪುಡಿ ಹಾಕಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ನಡೆಸಬಹುದು. ಕುದಿಯುವ ನೀರು ಬೇಡ. ಪ್ಲಾಸ್ಟಿಕ್ ಭಾಗ, ರಬ್ಬರ್ ಸೀಲ್‌ಗಳಿಗೆ ಅದು ಒಳ್ಳೆಯದಲ್ಲ. ಡ್ರಮ್ಮಿನ ಗೋಡೆಯಲ್ಲಿರುವ ಜುಂಗಿನ ಚೀಲವನ್ನು ವಾರಕ್ಕೊಮ್ಮೆಯಾದರೂ ತೊಳೆಯಿರಿ, ಹರಿದಿದ್ದರೆ ಬದಲಿಸಿ. ಒಗೆತ ಮುಗಿದ ಮೇಲೆ ಮುಚ್ಚಳವನ್ನು ತೆರೆದೇ ಬಿಡಿ.

ನೀರು ತುಂಬಲು ಬಹಳ ಹೊತ್ತು ಹಿಡಿದರೆ ಮೊದಲು ನೋಡಬೇಕಾದದ್ದು ಒಳಬರುವ ಕೊಳವೆಯ ಬಾಯಲ್ಲಿರುವ ಪುಟ್ಟ ಜಾಲರಿ. ನಲ್ಲಿ ಬಂದ್ ಮಾಡಿ, ಕೊಳವೆ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮರಳು, ತುಕ್ಕನ್ನು ಉಜ್ಜಿ ತೆಗೆದರೆ ಎಷ್ಟೋ ಸಲ ಕೆಲಸ ಮುಗಿಯಿತು. ಅದು ಶುಚಿಯಾಗಿದ್ದೂ ನೀರು ನಿಧಾನವಾದರೆ ತೊಂದರೆ ಇರುವುದು ಟ್ಯಾಂಕಿನ ಎತ್ತರದಲ್ಲಿ. ನೀರಿನ ಮಟ್ಟ ಒಂದು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್. ಬಹಳಷ್ಟು ಸ್ವಯಂಚಾಲಿತ ಯಂತ್ರಗಳು ಕನಿಷ್ಠ 0.3ರಿಂದ 0.5 ಬಾರ್ ಕೇಳುತ್ತವೆ. ಅಂದರೆ ಟ್ಯಾಂಕು ಯಂತ್ರದ ಕೊಳವೆಗಿಂತ ಮೂರರಿಂದ ಐದು ಮೀಟರ್ ಮೇಲಿರಬೇಕು. ಟ್ಯಾಂಕಿನ ಸರಿ ಕೆಳಗಿನ ಮಹಡಿಯ ಮನೆಗಳಲ್ಲಿ ಯಂತ್ರ ಪದೇ ಪದೇ ತಕರಾರು ಮಾಡುವುದರ ಗುಟ್ಟು ಇದೇ.

ಫ್ರಂಟ್ ಲೋಡ್: ನಾಜೂಕಿನ ದುಡಿಮೆಗಾರ

ನೀರು ಕಡಿಮೆ, ಪುಡಿ ಕಡಿಮೆ, ಬಟ್ಟೆಯ ಸವೆತವೂ ಕಡಿಮೆ. ಆದರೆ ಶಿಸ್ತು ಹೆಚ್ಚು ಬೇಡುವ ಯಂತ್ರ ಇದು. ಮನೆಗೆ ಬಂದ ದಿನವೇ ಒಂದು ಪರೀಕ್ಷೆ. ಸಾಗಣೆಯ ವೇಳೆ ಡ್ರಮ್ ಅಲ್ಲಾಡದಿರಲೆಂದು ಹಿಂಬದಿಗೆ ಹಾಕಿರುವ ಬೋಲ್ಟುಗಳನ್ನು ಮೊದಲು ತೆಗೆಯಬೇಕು. ಮರೆತು ಚಾಲೂ ಮಾಡಿದರೆ ಯಂತ್ರ ನೆಲದ ಮೇಲೆ ಕುಣಿಯುತ್ತದೆ, ಒಳಭಾಗಗಳಿಗೆ ಪೆಟ್ಟಾಗುತ್ತದೆ. ತೆಗೆದ ಬೋಲ್ಟುಗಳನ್ನು ಎಸೆಯದೆ ಚೀಲದಲ್ಲಿ ಕಟ್ಟಿ, ಕೈಪಿಡಿಯ ಜೊತೆಗೆ ಇಡಿ. ಮನೆ ಬದಲಿಸುವಾಗ ಮತ್ತೆ ಬೇಕಾಗುತ್ತವೆ. ನಾಲ್ಕೂ ಕಾಲುಗಳು ನೆಲಕ್ಕೆ ಸಮನಾಗಿ ಕೂತಿವೆಯೇ ಎಂದು ಮೂಲೆ ಒತ್ತಿ ನೋಡಿ.

ಬಾಗಿಲಿನ ಸುತ್ತ ಇರುವ ಬೂದು ಬಣ್ಣದ ರಬ್ಬರ್ ಪಟ್ಟಿ ಈ ಯಂತ್ರದ ಮರ್ಮಸ್ಥಾನ. ಅದರ ಮಡಿಕೆಯೊಳಗೆ ನೀರು, ಕೂದಲು, ಕೆಲವೊಮ್ಮೆ ಮಗುವಿನ ಕಾಲುಚೀಲವೂ ಸಿಕ್ಕಿಕೊಂಡಿರುತ್ತದೆ. ಒಗೆತ ಮುಗಿದ ಮೇಲೆ ಮಡಿಕೆ ಬಿಡಿಸಿ ಒಣಬಟ್ಟೆಯಿಂದ ಒರೆಸಬೇಕು. ಇಲ್ಲವಾದರೆ ಕಪ್ಪು ಬೂಸ್ಟು ಹಿಡಿಯುತ್ತದೆ, ಮುಖ್ಯವಾಗಿ ಮಳೆಗಾಲದ ಮಂಗಳೂರು, ಉಡುಪಿ, ಮಲೆನಾಡಿನ ಮನೆಗಳಲ್ಲಿ. ಬಾಗಿಲನ್ನು ಒಂದಿಷ್ಟು ತೆರೆದಿಡುವುದೂ ಅಗತ್ಯ. ಆದರೆ ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ತೆರೆದ ಬಾಗಿಲೇ ಅಪಾಯ. ಅಂಥಲ್ಲಿ ಯಂತ್ರವಿರುವ ಕೋಣೆಯ ಬಾಗಿಲು ಹಾಕಿ, ಅಥವಾ ಒಳಗನ್ನು ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಮುಚ್ಚಿ. ಚೈಲ್ಡ್ ಲಾಕ್ ಎಂಬ ಗುಂಡಿ ಸಾಮಾನ್ಯವಾಗಿ ಮಿಕ್ಕ ಗುಂಡಿಗಳನ್ನು ಬಂಧಿಸುತ್ತದೆಯೇ ಹೊರತು, ನಿಂತಿರುವ ಯಂತ್ರದ ಬಾಗಿಲಿಗೆ ಬೀಗ ಹಾಕುವುದಿಲ್ಲ ಎಂಬುದು ಹಿರಿಯರಿಗೆ ತಿಳಿದಿರಲಿ.

ಎದುರಿನ ಕೆಳಮೂಲೆಯ ಪುಟ್ಟ ಮುಚ್ಚಳದ ಹಿಂದೆ ಪಂಪಿನ ಫಿಲ್ಟರ್ ಇದೆ. ನಾಣ್ಯ, ಗುಂಡಿ, ಹೇರ್‌ಪಿನ್, ಪೆನ್ನಿನ ಕ್ಯಾಪು ಎಲ್ಲವೂ ಕೊನೆಗೆ ಸೇರುವುದು ಇಲ್ಲಿಗೆ. ತಿಂಗಳಿಗೊಮ್ಮೆ, ಪ್ಲಗ್ ಕಿತ್ತು, ಒಳಗಿನ ನೀರು ತಣ್ಣಗಾದ ಮೇಲೆ, ಕೆಳಗೆ ತಟ್ಟೆಯಿಟ್ಟು ನಿಧಾನವಾಗಿ ತಿರುಗಿಸಿ ತೆಗೆದು ತೊಳೆಯಬೇಕು. ಯಂತ್ರ ನೀರನ್ನು ಹೊರಹಾಕದೆ ಮೊಂಡುಹಿಡಿದಾಗ ಮೊದಲು ನೋಡಬೇಕಾದ ಜಾಗವೂ ಇದೇ. ಪುಡಿ ಹಾಕುವ ಡ್ರಾಯರನ್ನೂ ಪೂರ್ತಿ ಹೊರಗೆಳೆದು ತೊಳೆಯಿರಿ. ಅದರ ಹಿಂಬದಿಯಲ್ಲಿ ಅಂಟುಪುಡಿ ಕೂತಿರುತ್ತದೆ.

ನೀರಿನ ಗುಣ ತಿಳಿಯಿರಿ

ಒಂದೇ ಕಂಪನಿಯ ಒಂದೇ ಮಾದರಿ ಒಂದು ಮನೆಯಲ್ಲಿ ಹದಿನೈದು ವರ್ಷ ಬಾಳಿ, ಇನ್ನೊಂದು ಮನೆಯಲ್ಲಿ ಐದೇ ವರ್ಷಕ್ಕೆ ಕೈಚೆಲ್ಲಬಹುದು. ವ್ಯತ್ಯಾಸ ಎಷ್ಟೋ ಸಲ ನೀರಿನಲ್ಲಿರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರೇ ಗಡಸು ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಗೊತ್ತುಪಡಿಸಿದ ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದಲ್ಲಿ 600ರವರೆಗೂ ಅವಕಾಶವಿದೆ. ಬಯಲುಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಬೆಂಗಳೂರಿನಲ್ಲಂತೂ ಕಾವೇರಿ ನೀರು ಬರುವ ಬೀದಿಯ ಕತೆ ಒಂದು, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಬೀದಿಯ ಕತೆ ಇನ್ನೊಂದು.

ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಕೂರುತ್ತದೆ. ಬಚ್ಚಲ ಹಂಡೆಯೊಳಗಿನ ಬಿಳಿ ಹಕ್ಕಳೆ ಇದೇ. ಫ್ರಂಟ್ ಲೋಡ್ ಯಂತ್ರದ ಹೀಟರಿನ ಮೇಲೂ ಇದೇ ಪದರ ಕಟ್ಟುತ್ತದೆ. ಶಾಖ ನೀರಿಗೆ ಸುಲಭವಾಗಿ ದಾಟದೆ ಹೀಟರ್ ತಾನೇ ವಿಪರೀತ ಕಾದು ಕೊನೆಗೊಂದು ದಿನ ಸುಟ್ಟುಹೋಗುತ್ತದೆ. ಈ ಪದರ ಆಮ್ಲದಲ್ಲಿ ಕರಗುತ್ತದೆ ಎಂಬುದು ಶಾಲೆಯ ಪ್ರಯೋಗದಲ್ಲೇ ಗೊತ್ತಾದ ಸಂಗತಿ. ಕೈಪಿಡಿ ಒಪ್ಪಿದರೆ ಎರಡು ಮೂರು ತಿಂಗಳಿಗೊಮ್ಮೆ ಸುಮಾರು 100 ಗ್ರಾಂ ಸಿಟ್ರಿಕ್ ಆಮ್ಲದ ಪುಡಿಯನ್ನೋ, ಸುಣ್ಣ ತೆಗೆಯುವ ಸಿದ್ಧಪುಡಿಯನ್ನೋ ಖಾಲಿ ಡ್ರಮ್ಮಿಗೆ ಹಾಕಿ 60 ಡಿಗ್ರಿಯಲ್ಲಿ ನಡೆಸಿದರೆ ಸಾಕು.

ಒಂದು ಎಚ್ಚರಿಕೆ. ಬ್ಲೀಚಿಂಗ್ ದ್ರಾವಣವನ್ನೂ ಆಮ್ಲವನ್ನೂ ಎಂದಿಗೂ ಒಟ್ಟಿಗೆ ಹಾಕಬಾರದು. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ನಿಂಬೆ ಹುಳಿಯಾಗಲಿ, ವಿನೆಗರ್ ಆಗಲಿ, ಶೌಚಾಲಯ ತೊಳೆಯುವ ಆಮ್ಲವಾಗಲಿ ಈ ಮಾತು ಎಲ್ಲಕ್ಕೂ ಅನ್ವಯ.

ಕರಾವಳಿಯ ಕೆಂಪುಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಅಲ್ಲಿ ಸುಣ್ಣದ ಕಾಟ ಕಡಿಮೆ. ಆದರೆ ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶವಿದ್ದು ಬಿಳಿ ಬಟ್ಟೆ ಹಳದಿಗಟ್ಟುತ್ತದೆ. ಅಂಥ ನೀರಿಗೆ ಕ್ಲೋರಿನ್ ಬ್ಲೀಚ್ ಹಾಕಿದರೆ ಕಲೆ ಹೋಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ.

ಮನೆಯ ನೀರು ಗಡಸೋ ಮೆದುವೋ ತಿಳಿಯಲು ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಎರಡು ಗಾಜಿನ ಬಾಟಲಿಗಳಲ್ಲಿ ಒಂದಕ್ಕೆ ಶುದ್ಧ ಮಳೆನೀರು, ಇನ್ನೊಂದಕ್ಕೆ ಅಷ್ಟೇ ನಲ್ಲಿನೀರು ಹಾಕಿ. ಎರಡಕ್ಕೂ ಸಮಪ್ರಮಾಣದಲ್ಲಿ ಸ್ನಾನದ ಸೋಪಿನ ತುರಿ ಸೇರಿಸಿ ಕುಲುಕಿ. ಮಳೆನೀರಿನಲ್ಲಿ ಸೊಗಸಾದ ನೊರೆ ಬರುತ್ತದೆ. ನಲ್ಲಿನೀರಿನಲ್ಲಿ ನೊರೆಯ ಬದಲು ಬಿಳಿ ಕರಟ ತೇಲಿದರೆ ನೀರು ಗಡಸು. ಇದಕ್ಕೆ ಒಗೆಯುವ ಪುಡಿಯನ್ನು ಬಳಸಬಾರದು. ಡಿಟರ್ಜೆಂಟ್ ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಸೋಪಿಗೂ ಡಿಟರ್ಜೆಂಟಿಗೂ ಇರುವ ಈ ವ್ಯತ್ಯಾಸ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲೇ ಇದೆ.

ನೊರೆ ಹೆಚ್ಚಾದರೆ ಕೊಳೆ ಹೋಗುವುದೇ?

ನೊರೆ ಬಂದಷ್ಟೂ ಬಟ್ಟೆ ಶುಭ್ರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕೊಳೆಯನ್ನು ಹಿಡಿದೆಳೆಯುವುದು ನೀರಿನಲ್ಲಿ ಕರಗಿದ ಡಿಟರ್ಜೆಂಟಿನ ಕಣಗಳೇ ಹೊರತು ನೊರೆಯಲ್ಲ. ಫ್ರಂಟ್ ಲೋಡ್ ಡ್ರಮ್ಮಿನಲ್ಲಿ ನೊರೆ ತುಂಬಿಕೊಂಡರೆ ಅದೇ ಹಾಸಿಗೆಯಾಗುತ್ತದೆ. ಮೇಲಿನಿಂದ ಬಿದ್ದ ಬಟ್ಟೆಗೆ ಪೆಟ್ಟೇ ತಗಲುವುದಿಲ್ಲ, ಕೊಳೆ ಉಳಿಯುತ್ತದೆ. ನೊರೆಯನ್ನು ಇಳಿಸಲು ಯಂತ್ರ ಮತ್ತೆ ಮತ್ತೆ ನೀರು ತೆಗೆದುಕೊಳ್ಳಬೇಕಾಗುತ್ತದೆ. ಉಳಿದ ಪುಡಿ ಡ್ರಮ್ಮಿನ ಹಿಂದಿರುವ ಅಲ್ಯೂಮಿನಿಯಂ ಆಧಾರವನ್ನೂ ವರ್ಷಗಟ್ಟಲೆ ಮೆಲ್ಲನೆ ತಿನ್ನುತ್ತದೆ. ಆದ್ದರಿಂದ ಕೈಯಲ್ಲಿ ಒಗೆಯುವ ಪುಡಿ ಫ್ರಂಟ್ ಲೋಡಿಗೆ ಬೇಡ. ಅದಕ್ಕೆಂದೇ ಮಾಡಿದ, ಕಡಿಮೆ ನೊರೆಯ ಪುಡಿ ಅಥವಾ ದ್ರವ ಇರಲಿ.

ನಿಮ್ಮ ಮನೆಯಲ್ಲಿ ಪುಡಿ ಹೆಚ್ಚಾಗುತ್ತಿದೆಯೇ? ಆಗಷ್ಟೇ ಒಗೆದು ಹೊರಬಂದ ಟವೆಲನ್ನು ಬಕೆಟ್ಟಿನ ಶುದ್ಧ ನೀರಿನಲ್ಲಿ ಅದ್ದಿ ಕಲಕಿ ನೋಡಿ. ನೊರೆಯೆದ್ದರೆ ಹೌದು. ಮುಂದಿನ ಸಲ ಅಳತೆ ಚಮಚದಲ್ಲಿ ಕಾಲು ಭಾಗ ಕಡಿಮೆ ಮಾಡಿ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಒಗೆಯುವ ಪುಡಿಗೂ ಸಲ್ಲುತ್ತದೆ. ಹೆಚ್ಚುವರಿ ಪುಡಿ ಎಳೆಯ ಮಕ್ಕಳ ಚರ್ಮಕ್ಕೂ ಹಿತವಲ್ಲ.

ಒಂದು ಟವೆಲಿನ ತೂಕ

ಹಿಂಡುವಾಗ ಯಂತ್ರ ಏಕೆ ನಡುಗುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಡ್ರಮ್ಮಿನ ತ್ರಿಜ್ಯ 25 ಸೆಂಟಿಮೀಟರ್, ವೇಗ ನಿಮಿಷಕ್ಕೆ 1000 ಸುತ್ತು ಎಂದಿಟ್ಟುಕೊಳ್ಳಿ. ವೃತ್ತೀಯ ಚಲನೆಯ ಸೂತ್ರ ಹಾಕಿದರೆ ಡ್ರಮ್ಮಿನ ಅಂಚಿನಲ್ಲಿರುವ ಬಟ್ಟೆಯ ವೇಗೋತ್ಕರ್ಷ ಗುರುತ್ವದ ಸುಮಾರು 280 ಪಟ್ಟು. ಒಂದು ಕಿಲೋ ತೂಗುವ ಒದ್ದೆ ಟವೆಲ್ ಒಂದೇ ಕಡೆ ಮುದ್ದೆಯಾಗಿ ಕೂತರೆ, 280 ಕಿಲೋ ಭಾರ ಡ್ರಮ್ಮನ್ನು ಸುತ್ತಸುತ್ತಲೂ ಜಗ್ಗಿದಂತಾಗುತ್ತದೆ. ಬೇರಿಂಗ್, ಸ್ಪ್ರಿಂಗ್, ಆಘಾತ ತಡೆಯುವ ಕಡ್ಡಿಗಳು ಸವೆಯುವುದು ಹೀಗೆ. ಒಂದೇ ದಪ್ಪ ಹೊದಿಕೆಯನ್ನು ಒಂಟಿಯಾಗಿ ಹಾಕುವುದಕ್ಕಿಂತ ಒಂದೆರಡು ಟವೆಲ್ ಜೊತೆಗೆ ಹಾಕಿದರೆ ಭಾರ ಹಂಚಿಹೋಗುತ್ತದೆ.

ಏಳು ಕಿಲೋ ಯಂತ್ರವೆಂದರೆ ಏಳು ಕಿಲೋ ಒಣಬಟ್ಟೆ. ಅದೂ ಹತ್ತಿಬಟ್ಟೆಯ ಆಯ್ಕೆಗೆ ಮಾತ್ರ. ನೈಲಾನ್, ರೇಷ್ಮೆ, ಉಣ್ಣೆಯ ಆಯ್ಕೆಗಳಿಗೆ ಮಿತಿ ಇನ್ನೂ ಕಡಿಮೆ. ಡ್ರಮ್ಮಿನ ಮುಕ್ಕಾಲು ಭಾಗ ತುಂಬಿ, ಮೇಲೆ ಒಂದು ಗೇಣು ಜಾಗ ಬಿಟ್ಟರೆ ಯಂತ್ರಕ್ಕೂ ಕ್ಷೇಮ, ಬಟ್ಟೆಗೂ ಕ್ಷೇಮ. ಹಿಂಡುವಾಗ ವಿಮಾನ ಏರುವಂಥ ಸದ್ದು ದಿನೇ ದಿನೇ ಹೆಚ್ಚುತ್ತಿದ್ದರೆ ಬೇರಿಂಗ್ ಹೋಗುತ್ತಿದೆ ಎಂದು ತಿಳಿಯಿರಿ. ತಡಮಾಡಿದಷ್ಟೂ ಖರ್ಚು ಬೆಳೆಯುತ್ತದೆ.

ಕರೆಂಟಿನ ಜೊತೆ ಆಟ ಬೇಡ

ನೀರು, ವಿದ್ಯುತ್ತು ಒಂದೇ ಪೆಟ್ಟಿಗೆಯೊಳಗೆ ಸಂಸಾರ ಮಾಡುವ ಜಾಗ ಇದು. ಸರಿಯಾದ ಅರ್ತಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಇಲ್ಲದೆ ಯಂತ್ರವನ್ನು ಚಾಲೂ ಮಾಡಬೇಡಿ. ಹೀಟರ್ ಇರುವ ಯಂತ್ರ ಸುಮಾರು 2000 ವ್ಯಾಟ್ ಎಳೆಯುತ್ತದೆ. ಅದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ ಇದನ್ನು ತಾಳದು. 16 ಆಂಪಿಯರಿನದೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿದುಹಾಕುವ ಆರ್‌ಸಿಸಿಬಿ ಇದ್ದರೆ ಜೀವರಕ್ಷೆ. ಯಂತ್ರದ ಮೈ ಮುಟ್ಟಿದಾಗ ಜುಮ್ ಎಂದರೆ ಅದನ್ನು ಮುಟ್ಟದೆ, ಮುಖ್ಯ ಬೋರ್ಡಿನಲ್ಲೇ ಕರೆಂಟು ಬಂದ್ ಮಾಡಿ ತಜ್ಞರನ್ನು ಕರೆಸಿ. ಯಾವ ಶುಚಿಗೊಳಿಸುವ ಕೆಲಸಕ್ಕೂ ಮೊದಲು ಪ್ಲಗ್ ಕೀಳುವುದು ನಿಯಮವಾಗಲಿ.

ಬಿಸಿನೀರಿನ ಖರ್ಚನ್ನೂ ಲೆಕ್ಕ ಹಾಕಬಹುದು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ವಿದ್ಯುತ್ ಬೇಕು. ದಿನನಿತ್ಯದ ಬಟ್ಟೆಗೆ ತಣ್ಣೀರೋ ಉಗುರುಬೆಚ್ಚಗಿನ ನೀರೋ ಸಾಕು. ಜಿಡ್ಡಿನ ಬಟ್ಟೆಗೆ, ರೋಗಿಯ ಹಾಸಿಗೆಗೆ, ತಿಂಗಳ ಡ್ರಮ್ ಶುಚಿಗೆ ಬಿಸಿಯನ್ನು ಮೀಸಲಿಡಿ.

ಯಾರಿಗೆ ಯಾವ ಕೆಲಸ?

ಆರೈಕೆಯನ್ನು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಪ್ರತಿ ಒಗೆತಕ್ಕೂ ಮುನ್ನ ಜೇಬು ತಡಕುವುದು, ಜಿಪ್ ಹಾಕುವುದು, ಕೆಸರು ಒಣಗಿದ್ದರೆ ಕೊಡವುವುದು ಆಯಾ ಬಟ್ಟೆಯವರದೇ ಕೆಲಸ. ಐದನೆಯ ತರಗತಿಯ ಮಗುವೂ ಇದನ್ನು ಮಾಡಬಲ್ಲದು. ಒಗೆದ ನಂತರ ರಬ್ಬರ್ ಪಟ್ಟಿ ಒರೆಸುವುದು, ವಾರಕ್ಕೊಮ್ಮೆ ಜುಂಗಿನ ಚೀಲ ತೊಳೆಯುವುದು ಹೈಸ್ಕೂಲಿನವರಿಗೆ. ತಿಂಗಳಿಗೊಮ್ಮೆ ಪಂಪಿನ ಫಿಲ್ಟರ್, ಒಳಬರುವ ಕೊಳವೆಯ ಜಾಲರಿ, ಖಾಲಿ ಒಗೆತ ಇವು ಕಾಲೇಜಿನವರಿಗೆ. ಮೊದಲ ಒಂದೆರಡು ಸಲ ದೊಡ್ಡವರು ಪಕ್ಕದಲ್ಲಿರಲಿ. ಸುಣ್ಣ ತೆಗೆಯುವುದು, ಸಾಕೆಟ್ಟು, ಅರ್ತಿಂಗ್ ಪರೀಕ್ಷೆ ಮಾಡಿಸುವುದು ದೊಡ್ಡವರದು. ಊರಿಗೆ ಹೋಗುವಾಗ ನಲ್ಲಿ ಬಂದ್ ಮಾಡಿ ಪ್ಲಗ್ ಕೀಳುವುದನ್ನು ಕೊನೆಗೆ ಬಾಗಿಲು ಹಾಕುವವರು ಮರೆಯಬಾರದು.

ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಮಾಡಿದ ಕೆಲಸ ಬರೆದಿಡಿ. ಖರೀದಿ ರಸೀದಿ, ವಾರಂಟಿ ಕಾರ್ಡ್, ಕೈಪಿಡಿ ಅದರ ಜೊತೆಗಿರಲಿ. ಹತ್ತು ವರ್ಷದ ವಾರಂಟಿ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೂ ಅದು ಎಷ್ಟೋ ಸಲ ಮೋಟಾರಿಗೆ ಮಾತ್ರ ಸೀಮಿತ. ಸಣ್ಣಕ್ಷರವನ್ನೂ ಓದಿ. ರಿಪೇರಿಯವರನ್ನು ಕರೆಯುವ ಮುನ್ನ ನಲ್ಲಿ ತೆರೆದಿದೆಯೇ, ಕೊಳವೆ ಮಡಚಿದೆಯೇ, ಜಾಲರಿ, ಫಿಲ್ಟರ್ ಕಟ್ಟಿವೆಯೇ, ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ. ಪರದೆಯ ಮೇಲೆ ಮೂಡಿದ ದೋಷ ಸಂಕೇತದ ಅರ್ಥ ಕೈಪಿಡಿಯಲ್ಲೇ ಇರುತ್ತದೆ. ಬಿಡಿಭಾಗ ಬದಲಿಸಿದರೆ ಹಳೆಯದನ್ನು ಕೇಳಿ ಪಡೆದು, ಬಿಲ್ಲನ್ನು ಅದೇ ನೋಟ್‌ಬುಕ್ಕಿನಲ್ಲಿ ಅಂಟಿಸಿ.

ನಾಳೆ ಹಾಸ್ಟೆಲಿಗೋ ಪೇಯಿಂಗ್ ಗೆಸ್ಟ್ ವಸತಿಗೋ ಹೋಗುವ ಹುಡುಗ ಹುಡುಗಿಯರಿಗೆ ಈ ಅಭ್ಯಾಸ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹತ್ತಾರು ಜನ ಹಂಚಿಕೊಳ್ಳುವ ಯಂತ್ರದಲ್ಲಿ ಒಬ್ಬರು ಬಿಟ್ಟ ಸೇಫ್ಟಿಪಿನ್ನು ಎಲ್ಲರ ಭಾನುವಾರವನ್ನೂ ಹಾಳುಮಾಡಬಲ್ಲದು. ತನ್ನ ಸರದಿ ಮುಗಿದ ತಕ್ಷಣ ಬಟ್ಟೆ ತೆಗೆದು, ಜಾಲರಿ ತೊಳೆದಿಟ್ಟು ಹೋಗುವವರು ಎಲ್ಲರಿಗೂ ಬೇಕಾದವರು.

ತಿಂಗಳಿಗೆ ಒಟ್ಟು ಒಂದು ಗಂಟೆ. ಈ ಆರೈಕೆ ಕೇಳುವ ಸಮಯ ಹೆಚ್ಚೆಂದರೆ ಅಷ್ಟೇ. ಅದನ್ನು ಕೊಟ್ಟ ಮನೆಯಲ್ಲಿ ಯಂತ್ರ ವರ್ಷಗಟ್ಟಲೆ ತಕರಾರಿಲ್ಲದೆ ತಿರುಗುತ್ತದೆ, ಪಠ್ಯದ ಗಡಸು ನೀರೂ ವೃತ್ತೀಯ ಚಲನೆಯೂ ಬಾಯಿಪಾಠವಿಲ್ಲದೆ ತಲೆಗೆ ಹತ್ತುತ್ತವೆ, ಅಮ್ಮನಿಗೂ ಸಂಜೆ ಒಂದಿಷ್ಟು ಹೊತ್ತು ಪತ್ರಿಕೆ ಹಿಡಿದು ಕೂರಲು ಬಿಡುವು ಸಿಗುತ್ತದೆ.